ಮುಂಬಯಿಯ ಗಡಿಯಾರ ಪೇಟೆ ಮತ್ತು ಸರತಿಯ ಸಾಲು

ಫಾವ್ರೆ-ಲೂಬಾ, ವೆಸ್ಟ್ ಎಂಡ್‌ನಂಥ ಸ್ವಿಸ್ ಸಂಸ್ಥೆಗಳು 19ನೇ ಶತಮಾನದಲ್ಲೇ ಮುಂಬಯಿಯಲ್ಲಿ ನೆಲೆಯೂರಿದವು. ಅಂದು ಹಣವಿದ್ದವರಿಗೆ ಗಡಿಯಾರ ಕೊಳ್ಳಲು ಬೇರೆ ಅರ್ಹತೆ ಬೇಕಿರಲಿಲ್ಲ.

ಸ್ವಾತಂತ್ರ್ಯದ ನಂತರ ವಿದೇಶಿ ವಿನಿಮಯದ ಕೊರತೆಯಿಂದ ಆಮದು ಬಿಗಿಯಾಯಿತು. 1961ರಲ್ಲಿ ಜಪಾನಿನ ಸಿಟಿಜನ್ ಸಹಯೋಗದಲ್ಲಿ ಬೆಂಗಳೂರಿನ ಎಚ್‌ಎಂಟಿ ಕೈಗಡಿಯಾರ ತಯಾರಿಸತೊಡಗಿದರೂ ಬೇಡಿಕೆಯನ್ನು ಪೂರೈಸಲಾಗಲಿಲ್ಲ. ಮದುವೆಗೆ ವಾಚು ಬೇಕೆಂದರೆ ಕಾಯಬೇಕು, ಇಲ್ಲವೇ ವಶೀಲಿ ಹಚ್ಚಬೇಕು. ಕಾಯಲಾರದವರಿಗೆ ಸಮುದ್ರದಾರಿಯಲ್ಲಿ ಬಂದ ಕಳ್ಳಮಾಲು ಇತ್ತು. ಅದರ ಪ್ರಮಾಣ ಸಣ್ಣದಲ್ಲ ಎಂಬುದಕ್ಕೆ ಕಾನೂನೇ ಸಾಕ್ಷಿ: 1962ರ ಕಸ್ಟಮ್ಸ್ ಕಾಯ್ದೆಯ 123ನೇ ಕಲಮು ಚಿನ್ನದ ಜೊತೆಗೆ ಕೈಗಡಿಯಾರವನ್ನೂ ಹೆಸರಿಸಿತು. ಜಪ್ತಿಯಾದ ವಾಚು ಕಳ್ಳಸಾಗಣೆಯದಲ್ಲವೆಂದು ರುಜುವಾತುಪಡಿಸುವ ಹೊಣೆ ಇಟ್ಟುಕೊಂಡವನದೇ.

1980ರ ದಶಕದಲ್ಲಿ ಟೈಟಾನ್ ಬಂತು, 2001ರಲ್ಲಿ ಆಮದಿನ ಪ್ರಮಾಣ ನಿರ್ಬಂಧಗಳೂ ಹೋದವು. ಸಾಮಾನ್ಯ ವಾಚಿನ ಸರತಿ ಕರಗಿತು. ದುಬಾರಿ ವಾಚಿನದು ಹುಟ್ಟಿತು. ರೋಲೆಕ್ಸ್ ಡೇಟೋನಾದಂಥ ಮಾದರಿಗಳಿಗೆ ಹೆಸರು ಬರೆಸಿದರಷ್ಟೇ ಸಾಲದು. ಯಾರಿಗೆ ಕೊಡಬೇಕೆಂಬುದು ಮಾರಾಟಗಾರರ ವಿವೇಚನೆ. ಹಾಗಾಗಿ ಅಷ್ಟಾಗಿ ಬೇಡದ ವಾಚು, ಒಡವೆಗಳನ್ನು ಮೊದಲು ಕೊಂಡು ‘ಖಾಯಂ ಗಿರಾಕಿ’ ಎನಿಸಿಕೊಳ್ಳುವ ಒತ್ತಡ. ಹಳೆಯ ವಶೀಲಿಗೆ ಈಗ ರಸೀದಿ ಸಿಗುತ್ತದೆ, ಅಷ್ಟೇ. ತಾಳ್ಮೆಯಿಲ್ಲದವರು ಮರುಮಾರಾಟದ ಪೇಟೆಯಲ್ಲಿ ಮುದ್ರಿತ ಬೆಲೆಗಿಂತ ಹೆಚ್ಚು ತೆರುತ್ತಾರೆ.

2025ರ ಅಕ್ಟೋಬರ್ 1ರಂದು ಜಾರಿಗೆ ಬಂದ, ಸ್ವಿಟ್ಜರ್ಲೆಂಡ್ ಸೇರಿದ ಇಎಫ್‌ಟಿಎ ಒಕ್ಕೂಟದೊಂದಿಗಿನ ಭಾರತದ ವ್ಯಾಪಾರ ಒಪ್ಪಂದ ಸ್ವಿಸ್ ವಾಚುಗಳ ಸುಂಕವನ್ನು ಹಂತಹಂತವಾಗಿ ಇಳಿಸುತ್ತದೆ. ಆದರೆ ಈ ಮಾದರಿಗಳ ಅಭಾವ ಸುಂಕದ್ದಲ್ಲ, ತಯಾರಕರು ಕಳಿಸುವ ಸಂಖ್ಯೆಯದ್ದು.