ಕೈಹತಾರಗಳ ಬಣ್ಣದಕ್ಷರ ಜೀರ್ಣೋದ್ಧಾರ

ಹಳೆಯ ಕೀಸುಳಿ, ಕೈಡ್ರಿಲ್, ಬೆಂಚ್ ವೈಸ್, ರಸಮಟ್ಟ, ಮಡಚುವ ಅಳತೆಪಟ್ಟಿ ಮುಂತಾದ ಹತಾರಗಳ ಮೇಲೆ ತಯಾರಕರು ಬಣ್ಣದಿಂದ ಎದ್ದುಕಾಣುವಂತೆ ಮಾಡಿದ ಹೆಸರು, ಮುದ್ರೆ ಹಾಗೂ ಅಂಕಿಗಳನ್ನು ಶುಚಿಗೊಳಿಸಿ, ಉಳಿದಿರುವ ಬಣ್ಣವನ್ನು ಭದ್ರಪಡಿಸಿ, ಅಗತ್ಯವಿದ್ದಲ್ಲಿ ಹೊಸ ಬಣ್ಣ ತುಂಬುವ ಕೆಲಸ. ಹತಾರ ಮರವನ್ನು ಕೀಸಲು ಈ ಅಕ್ಷರಗಳು ಬೇಕಾಗಿಲ್ಲ. ಆದರೆ ಅದು ಯಾವ ಕಾರ್ಖಾನೆಯದು, ಸುಮಾರು ಯಾವ ಕಾಲದ್ದು ಎಂದು ತಿಳಿಯಲು ಹಲವು ಬಾರಿ ಅವೇ ಮುಖ್ಯ ಆಧಾರ. ಹಾಗಾಗಿ ಈ ಕೆಲಸದಲ್ಲಿ ಅಂದಕ್ಕಿಂತ ಸಾಕ್ಷ್ಯ ಮೊದಲು ಬರಬೇಕು. ಈ ಲೇಖನದಲ್ಲಿ ಕಬ್ಬಿಣದ ಕೀಸುಳಿಗಳಿಗೆ, ಅದರಲ್ಲೂ ಅಮೆರಿಕದ ಸ್ಟ್ಯಾನ್ಲಿ ಕಂಪನಿಯ ಬೇಯ್ಲಿ ಮಾದರಿಗೆ ಹೆಚ್ಚು ಜಾಗ ಕೊಟ್ಟಿದೆ. ಸಂಗ್ರಾಹಕರು ವರ್ಷವಾರು ಬದಲಾವಣೆಗಳನ್ನು ಅತಿ ಸೂಕ್ಷ್ಮವಾಗಿ ಗುರುತಿಸಿರುವುದು ಇವುಗಳಲ್ಲೇ.

ಅಕ್ಷರಗಳ ಬಗೆಗಳು

ಬಣ್ಣದ ಅಕ್ಷರಗಳನ್ನು ಸ್ಥೂಲವಾಗಿ ಮೂರು ಬಗೆಯಾಗಿ ವಿಂಗಡಿಸಬಹುದು. ಮೊದಲನೆಯದು ಉಬ್ಬಕ್ಷರ. ಎರಕದ ಅಚ್ಚಿನಲ್ಲೇ ಅಕ್ಷರ ಮೇಲೆದ್ದಿರುತ್ತದೆ; ಬಣ್ಣ ಅದರ ಸುತ್ತಲಿನ ತಗ್ಗಿನಲ್ಲಿರುತ್ತದೆ, ಇಲ್ಲವೇ ಅಕ್ಷರದ ನೆತ್ತಿಯ ಮೇಲಿರುತ್ತದೆ. ಕೀಸುಳಿಯ ಅಲಗನ್ನು ಅದುಮಿ ಹಿಡಿಯುವ ಲಿವರ್ ಕ್ಯಾಪ್ ಮೇಲೆ ಸಾಮಾನ್ಯವಾಗಿ ಕಾಣುವುದು ಇದೇ ಬಗೆ. ಎರಡನೆಯದು ತಗ್ಗಕ್ಷರ: ಒತ್ತಿದ ಅಥವಾ ಕೊರೆದ ಗೀರಿನೊಳಗೆ ಬಣ್ಣ ತುಂಬಿರುತ್ತದೆ. ಬಾಕ್ಸ್‌ವುಡ್ ಮರದ ಅಳತೆಪಟ್ಟಿಗಳ ಅಂಕಿಗಳು ಇದಕ್ಕೆ ಉದಾಹರಣೆ. ಮೂರನೆಯದು ಸಮತಲದ ಅಕ್ಷರ: ಕೊರೆಯಚ್ಚು, ರಬ್ಬರ್ ಮುದ್ರೆ ಅಥವಾ ನೀರಿನಲ್ಲಿ ನೆನೆಸಿ ಅಂಟಿಸುವ ಡಿಕಾಲ್‌ನಿಂದ ಮೂಡಿದ್ದು. ಅದರ ಕೆಳಗೆ ಲೋಹದ ಆಕಾರದ ಆಸರೆಯಿಲ್ಲ. ಅಳಿಸಿಹೋದರೆ ಮತ್ತೆ ಮೂಡಿಸಲು ಅದೇ ಕಾಲದ ಇನ್ನೊಂದು ಮಾದರಿ ಬೇಕೇ ಬೇಕು.

ಗರಗಸದ ಅಲಗಿನ ಮೇಲಿನ ಹೆಸರು ಬಣ್ಣದಂತೆ ಕಂಡರೂ ಸಾಮಾನ್ಯವಾಗಿ ಆಮ್ಲದಿಂದ ಕೊರೆದದ್ದು. ಅದನ್ನು ಉಳಿಸಿಕೊಳ್ಳುವ ಕ್ರಮವೇ ಬೇರೆ. ಇಲ್ಲಿ ಅದರ ಚರ್ಚೆಯಿಲ್ಲ.

ಕಪ್ಪು ಲೇಪದ ಹಿನ್ನೆಲೆ

ಬಣ್ಣದ ಅಕ್ಷರಕ್ಕೂ ಮೊದಲು ಹತಾರಗಳಿಗೆ ಬಂದದ್ದು ಜಪ್ಯಾನಿಂಗ್ ಎಂಬ ಹೊಳೆಯುವ ಕಪ್ಪು ಲೇಪ. ಪೂರ್ವ ಏಷ್ಯಾದ ಅರಗಿನ ಸಾಮಾನುಗಳನ್ನು ಕಂಡು ಮರುಳಾದ ಯುರೋಪಿನವರು, ಆ ಅರಗಿಗೆ ಬೇಕಾದ ಮರದ ರಸ ತಮ್ಮಲ್ಲಿ ಸಿಗದ ಕಾರಣ ವಾರ್ನಿಷ್‌ಗಳಿಂದ ಅದರ ಹೊಳಪನ್ನು ಅನುಕರಿಸತೊಡಗಿದರು. ಸ್ಟಾಕರ್ ಮತ್ತು ಪಾರ್ಕರ್ ಎಂಬಿಬ್ಬರು 1688ರಲ್ಲಿ ಆಕ್ಸ್‌ಫರ್ಡ್‌ನಲ್ಲಿ ಈ ಕಸುಬಿನ ಬಗ್ಗೆಯೇ ಗ್ರಂಥ ಪ್ರಕಟಿಸಿದರು. ಮರದ ಪೀಠೋಪಕರಣಗಳಿಂದ ಶುರುವಾದ ಈ ವಿದ್ಯೆ ಹದಿನೆಂಟನೆಯ ಶತಮಾನದಲ್ಲಿ ಲೋಹಕ್ಕೆ ಬಂತು. ವೇಲ್ಸ್‌ನ ಪಾಂಟಿಪೂಲ್, ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಂ ಮತ್ತು ವುಲ್ವರ್‌ಹ್ಯಾಂಪ್ಟನ್ ಸುತ್ತಿನ ಊರುಗಳು ಕಪ್ಪು ಲೇಪದ ತಗಡಿನ ತಟ್ಟೆ, ಡಬ್ಬಿಗಳಿಗೆ ಹೆಸರಾದವು.

ಅಮೆರಿಕದ ಕನೆಕ್ಟಿಕಟ್‌ನಲ್ಲಿ ತಗಡಿನ ಕೆಲಸಕ್ಕೆ ಬುನಾದಿ ಬಿದ್ದದ್ದು ಬರ್ಲಿನ್ ಎಂಬ ಊರಿನಲ್ಲಿ. ಐರ್ಲೆಂಡಿನಿಂದ ಬಂದ ಪ್ಯಾಟಿಸನ್ ಕುಟುಂಬ ಸುಮಾರು 1740ರಲ್ಲಿ ಅಲ್ಲಿ ತಗಡಿನ ಸಾಮಾನು ಮಾಡತೊಡಗಿತು. ಮುಂದೆ ಆ ಪ್ರದೇಶದಲ್ಲಿ ಲೇಪ ಹಚ್ಚಿ, ಒಲೆಯಲ್ಲಿ ಒಣಗಿಸಿ, ಮೇಲೆ ಚಿತ್ತಾರ ಬರೆಯುವ ಕಸುಬೂ ಬೆಳೆಯಿತು. ಸ್ಟ್ಯಾನ್ಲಿ ಕಂಪನಿಯ ನೆಲೆಯಾದ ನ್ಯೂ ಬ್ರಿಟನ್, 1850ರಲ್ಲಿ ಇದೇ ಬರ್ಲಿನ್‌ನಿಂದ ಬೇರ್ಪಟ್ಟ ಊರು. ಹತಾರಗಳ ಕಪ್ಪು ಲೇಪ ನೇರವಾಗಿ ಈ ತಗಡಿನ ಕಮ್ಮಟಗಳಿಂದಲೇ ಬಂತು ಎನ್ನಲು ಇದಷ್ಟೇ ಸಾಲದು. ಆದರೆ ಲೇಪ ಬೇಯಿಸುವ ಕೈಗಳು ಆ ಸೀಮೆಯಲ್ಲಿ ಮೊದಲೇ ಪಳಗಿದ್ದವು ಎಂಬುದು ಗಮನಾರ್ಹ.

ನೈಸರ್ಗಿಕ ಡಾಂಬರು, ಅಗಸೆ ಎಣ್ಣೆ ಮತ್ತು ಟರ್ಪೆಂಟೈನ್ ಲೇಪದ ಮುಖ್ಯ ಸಾಮಗ್ರಿಗಳು. ಯೂಟಾ ರಾಜ್ಯದ ಯುಯಿಂಟಾ ಕಣಿವೆಯಲ್ಲಿ ಸಿಗುವ ಗಿಲ್ಸೊನೈಟ್ ಎಂಬ ಗಟ್ಟಿ ಡಾಂಬರನ್ನು 1880ರ ದಶಕದಲ್ಲಿ ಸ್ಯಾಮ್ಯುಯೆಲ್ ಗಿಲ್ಸನ್ ಮಾರುಕಟ್ಟೆಗೆ ತಂದ ಮೇಲೆ ಕಪ್ಪು ವಾರ್ನಿಷ್‌ಗಳಲ್ಲಿ ಅದರ ಬಳಕೆ ಹೆಚ್ಚಿತು. ಮಿಶ್ರಣ ಹಚ್ಚಿದ ಬೀಡನ್ನು ಒಲೆಯಲ್ಲಿಟ್ಟು ಕಾವು ಏರಿಸುತ್ತ ಹೋದರೆ ಲೇಪ ತಾನಾಗಿ ಮಟ್ಟಸವಾಗಿ ಹರಡಿ ಗಟ್ಟಿಯಾಗುತ್ತದೆ. ಇಂದು ಇದನ್ನು ಮನೆಯಲ್ಲೇ ತಯಾರಿಸುವವರು ಸಾಮಾನ್ಯವಾಗಿ ಸುಮಾರು 200 ಡಿಗ್ರಿ ಸೆಲ್ಸಿಯಸ್‌ವರೆಗೆ ಹಂತಹಂತವಾಗಿ ಕಾಯಿಸುತ್ತಾರೆ. ಅಗಸೆ ಎಣ್ಣೆಯೇ ಈ ಲೇಪವನ್ನು ಹಿಡಿದಿಡುವ ಅಂಟು. ಮುಂದೆ ಹೇಳುವ ಶುಚಿಕ್ರಿಯೆಯ ಅಪಾಯಗಳಿಗೂ ಈ ಎಣ್ಣೆಯೇ ಕಾರಣ.

ಸ್ಟ್ಯಾನ್ಲಿ ಕೀಸುಳಿಗಳ ಅಕ್ಷರಗಳು

ಸ್ಟ್ಯಾನ್ಲಿ ರೂಲ್ ಅಂಡ್ ಲೆವೆಲ್ ಕಂಪನಿ 1869ರಲ್ಲಿ ಬಾಸ್ಟನ್‌ನ ಲಿಯೊನಾರ್ಡ್ ಬೇಯ್ಲಿಯ ಪೇಟೆಂಟ್‌ಗಳನ್ನೂ ಉದ್ಯಮವನ್ನೂ ಕೊಂಡುಕೊಂಡಿತು. ಇಪ್ಪತ್ತನೆಯ ಶತಮಾನದ ಮೊದಲ ವರ್ಷಗಳಲ್ಲಿ ಬೇಯ್ಲಿ ಎಂಬ ಹೆಸರು ಕೀಸುಳಿಯ ಒಡಲಿನಲ್ಲೇ, ಮುಂದಿನ ಹಿಡಿಯ ಬಳಿ, ಉಬ್ಬಕ್ಷರದಲ್ಲಿ ಬರತೊಡಗಿತು. 1910ರ ದಶಕದ ಕೀಸುಳಿಗಳಲ್ಲಿ, ಅಲಗಿಗೆ ಆಸರೆಯಾದ ಫ್ರಾಗ್‌ನ ಹಿಂದೆ ಮೂರು ಪೇಟೆಂಟ್ ದಿನಾಂಕಗಳು ಎರಕದಲ್ಲೇ ಇವೆ: 1902ರ ಮಾರ್ಚ್ 25, 1902ರ ಆಗಸ್ಟ್ 19 ಮತ್ತು 1910ರ ಏಪ್ರಿಲ್ 19. ಈ ಎರಡೂ ಬರಹಗಳ ಮೇಲೆ ಇದ್ದದ್ದು ಸುತ್ತಲಿನ ಕಪ್ಪು ಲೇಪವೇ. ಈಗ ಹಲವರು ಅವುಗಳ ನೆತ್ತಿಗೆ ಬಂಗಾರದ ಬಣ್ಣವನ್ನೋ ಕೆಂಪನ್ನೋ ಹಚ್ಚುತ್ತಾರೆ. ಕಣ್ಣಿಗೆ ಚೆನ್ನಾಗಿ ಕಾಣಬಹುದು, ಆದರೆ ಅದನ್ನು ಜೀರ್ಣೋದ್ಧಾರ ಎನ್ನಲಾಗದು. ಒಡಲಿಗೆ ದಪ್ಪನೆಯ ಹೊಸ ಬಣ್ಣ ಬಳಿಯುವುದು ಇನ್ನೂ ದೊಡ್ಡ ಹಾನಿ. ದಿನಾಂಕಗಳ ಅಂಕಿಗಳು ಚಿಕ್ಕವು, ಉಬ್ಬೂ ಕಡಿಮೆ. ಬಣ್ಣ ನಡುವೆ ತುಂಬಿಕೊಂಡು ಓದಲು ಬಾರದಂತಾಗುತ್ತದೆ.

ಲಿವರ್ ಕ್ಯಾಪ್ ಮೇಲೆ ಸ್ಟ್ಯಾನ್ಲಿ ಹೆಸರು, ಮೂಲೆ ಕಚ್ಚಿದ ಆಯತದೊಳಗಿನ ಉಬ್ಬಕ್ಷರವಾಗಿ, 1920ರ ದಶಕದ ನಡುಭಾಗದಿಂದ ಕಾಣುತ್ತದೆ. ಅಕ್ಷರದ ನೆತ್ತಿ ನಿಕ್ಕಲ್ ಲೇಪದಿಂದ ಬೆಳ್ಳಗಿರುತ್ತದೆ. ತಗ್ಗಿನಲ್ಲಿ ಕಿತ್ತಳೆ ಬಣ್ಣವಿರುವುದು ಎರಡನೆಯ ಮಹಾಯುದ್ಧಕ್ಕೆ ಮುಂಚಿನ ಮಾದರಿಗಳಲ್ಲಿ ಪರಿಚಿತ. ನಂತರದ ದಶಕಗಳಲ್ಲಿ ಕೆಂಪು, ಹಳದಿ ಹಿನ್ನೆಲೆಗಳೂ ಸಿಗುತ್ತವೆ. ಯುದ್ಧಕಾಲದಲ್ಲಿ ಹಿತ್ತಾಳೆ, ನಿಕ್ಕಲ್‌ಗಳಿಗೆ ಕೊರತೆಯಿತ್ತು. ಆಗಿನ ಕೀಸುಳಿಗಳಲ್ಲಿ ಹಿತ್ತಾಳೆಯ ತಿರುಪಿನ ಬದಲು ಗಟ್ಟಿ ರಬ್ಬರಿನದೋ ಉಕ್ಕಿನದೋ ಇರಬಹುದು. ಕೆಲವು ಲಿವರ್ ಕ್ಯಾಪ್‌ಗಳಿಗೆ ನಿಕ್ಕಲ್ ಇಲ್ಲ. ಅಂಥ ಕ್ಯಾಪ್‌ಗೆ ನಿಕ್ಕಲ್ ಹಾಕಿಸಿ ಕಿತ್ತಳೆ ತುಂಬಿದರೆ ಯುದ್ಧಕಾಲದ ದಾಖಲೆಯೊಂದು ಅಳಿದಂತೆ.

ಈ ಬದಲಾವಣೆಗಳನ್ನು ಕ್ರಮವಾಗಿ ಜೋಡಿಸಿದ ವಿಂಗಡಣೆ ರೋಜರ್ ಸ್ಮಿತ್ ಅವರ ಸಂಶೋಧನೆಯಿಂದ ಪ್ರಸಿದ್ಧವಾಯಿತು. ಕಾರ್ಖಾನೆಯಲ್ಲಿ ಹಳೆಯ ಬಿಡಿಭಾಗಗಳು ಮುಗಿಯುವವರೆಗೂ ಬಳಕೆಯಾಗುತ್ತಿದ್ದವು, ಬಡಗಿಗಳೂ ಭಾಗಗಳನ್ನು ಅದಲುಬದಲು ಮಾಡಿಕೊಳ್ಳುತ್ತಿದ್ದರು. ಆದ್ದರಿಂದ ಒಂದು ಲಿವರ್ ಕ್ಯಾಪ್‌ನ ಬಣ್ಣ ನೋಡಿ ಇಡೀ ಕೀಸುಳಿಯ ಕಾಲ ನಿರ್ಧರಿಸುವುದು ಸರಿಯಲ್ಲ.

ಇತರ ತಯಾರಕರು

ಮ್ಯಾಸಚೂಸೆಟ್ಸ್‌ನ ಮಿಲರ್ಸ್ ಫಾಲ್ಸ್ ಕಂಪನಿಯ ಕೈಡ್ರಿಲ್‌ಗಳ ಕೆಂಪು ಚಕ್ರ, ಕೀಸುಳಿಗಳ ಮೇಲಿನ ಕೆಂಪು ಬಣ್ಣ ಅದರ ಗುರುತು. ಶೆಫೀಲ್ಡ್‌ನ ಸಿ. ಅಂಡ್ ಜೆ. ಹ್ಯಾಂಪ್ಟನ್ ತಯಾರಿಸಿದ ರೆಕಾರ್ಡ್ ಕೀಸುಳಿ ಮತ್ತು ವೈಸ್‌ಗಳು ನೀಲಿ ಒಡಲಿನವು.

ಶುಚಿಗೊಳಿಸುವುದು

ಮೂಲ ಬಣ್ಣ ಹೆಚ್ಚಾಗಿ ನಾಶವಾಗುವುದು ಈ ಹಂತದಲ್ಲೇ. ಹೋಗಿದೆ ಎಂದುಕೊಂಡ ಬಣ್ಣ ಅನೇಕ ವೇಳೆ ಎಣ್ಣೆ ಜಿಡ್ಡು ಮತ್ತು ಮರದ ಹೊಟ್ಟಿನ ಪದರದಡಿ ಹಾಗೇ ಇರುತ್ತದೆ. ಮಿನರಲ್ ಟರ್ಪೆಂಟೈನ್‌ನಲ್ಲಿ ಅದ್ದಿದ ಹತ್ತಿಯ ಕಡ್ಡಿಯನ್ನು ಉಜ್ಜದೆ ಉರುಳಿಸಬೇಕು. ಹತ್ತಿಗೆ ಕಂದು ಬಂದರೆ ಅದು ಜಿಡ್ಡು. ಕಿತ್ತಳೆಯೋ ಕೆಂಪೋ ಬಂದರೆ ಕೂಡಲೇ ನಿಲ್ಲಿಸಬೇಕು. ಅಸಿಟೋನ್ ಮತ್ತು ಎನ್‌ಸಿ ಥಿನ್ನರ್‌ಗಳನ್ನು ಹಳೆಯ ಬಣ್ಣದ ಬಳಿ ತರಬಾರದು.

ತುಕ್ಕು ತೆಗೆಯುವ ವಿಧಾನದ ಆಯ್ಕೆಯಲ್ಲಿ ಇನ್ನೂ ಎಚ್ಚರ ಬೇಕು. ವಾಷಿಂಗ್ ಸೋಡಾ ಬೆರೆಸಿದ ನೀರಿನಲ್ಲಿ ಹತಾರವನ್ನು ಬ್ಯಾಟರಿ ಚಾರ್ಜರಿನ ಋಣ ತುದಿಗೆ ಜೋಡಿಸಿ ವಿದ್ಯುತ್ ಹರಿಸುವ ಪದ್ಧತಿ ಜನಪ್ರಿಯ. ತುಕ್ಕು ಸಡಿಲವಾಗುವುದೇನೋ ನಿಜ. ಆದರೆ ಋಣ ತುದಿಯಲ್ಲಿ ನೀರು ಒಡೆದು ಹೈಡ್ರೊಜನ್ ಗುಳ್ಳೆಗಳ ಜೊತೆಗೆ ಕ್ಷಾರವೂ ಹುಟ್ಟುತ್ತದೆ, ಅದೂ ಲೋಹದ ಮೈಗೆ ಅಂಟಿದಂತೆಯೇ. ಸೋಡಾ ನೀರಿಗಿಂತ ಅಲ್ಲಿನ ಕ್ಷಾರ ಪ್ರಬಲ. ಅದು ಅಗಸೆ ಎಣ್ಣೆಯನ್ನು ಸಾಬೂನಾಗಿಸಿಬಿಡುತ್ತದೆ; ಬಣ್ಣವೂ ಕಪ್ಪು ಲೇಪವೂ ಬುಡದಿಂದಲೇ ಕಳಚಿ ಬರುತ್ತವೆ. ಇನ್ನೊಂದು ತೊಡಕೂ ಇದೆ. ಹಳೆಯ ಹಳದಿ ಕ್ರೋಮ್ ಹಳದಿಯಾಗಿದ್ದರೆ, ಅಂದರೆ ಸೀಸದ ಕ್ರೋಮೇಟ್ ಆಗಿದ್ದರೆ, ಕ್ಷಾರ ತಗುಲಿ ಅದು ಕಿತ್ತಳೆಯತ್ತ ತಿರುಗಬಲ್ಲದು. ಕ್ರೋಮ್ ಕಿತ್ತಳೆಯನ್ನು ತಯಾರಿಸುವುದೇ ಈ ಕ್ರಿಯೆಯಿಂದ. ಹಾಗಾಗಿ ಸೋಡಾ ನೀರಿನಲ್ಲಿ ಮಿಂದು ಬಂದ ಹತಾರದ ಬಣ್ಣವನ್ನು ಮಾದರಿಯಾಗಿ ನಂಬುವಂತಿಲ್ಲ.

ನಿಂಬೆ ಉಪ್ಪಿನ ತೆಳು ದ್ರಾವಣ ಎಣ್ಣೆ ಬಣ್ಣಕ್ಕೆ ಇಷ್ಟು ಘಾತಕವಲ್ಲ. ಆದರೆ ಹೆಚ್ಚು ಹೊತ್ತು ನೆನೆಸಿಟ್ಟರೆ ಬಣ್ಣದಡಿಯ ತುಕ್ಕು ಕರಗಿ, ಮೇಲಿನ ಪದರ ಆಸರೆ ಕಳೆದುಕೊಂಡು ಉದುರುತ್ತದೆ. ಅಕ್ಷರವಿರುವ ಭಾಗವನ್ನು ಮುಳುಗಿಸದೆ, ತುಕ್ಕಿದ್ದಲ್ಲಿ ಮಾತ್ರ ಒದ್ದೆ ಬಟ್ಟೆ ಸುತ್ತಿ, ಆಗಾಗ ತೆರೆದು ನೋಡುವುದು ಕ್ಷೇಮ. ತಂತಿಯ ಬ್ರಷ್ಷು ನಿಕ್ಕಲನ್ನು ಗೀಚುತ್ತದೆ.

ಬಣ್ಣ ಹೊಂದಿಸುವುದು ಮತ್ತು ತುಂಬುವುದು

ಮೂಲ ಬಣ್ಣದ ನಿಜವಾದ ಛಾಯೆಯನ್ನು ಅಕ್ಷರದ ಒಳಮೂಲೆಗಳಲ್ಲಿ ಹುಡುಕಬೇಕು. ಕೈ ತಾಗದ, ಬೆಳಕು ಕಡಿಮೆ ಬಿದ್ದ ಎಡೆಗಳವು. ಹಳೆಯ ಎಣ್ಣೆ ಹಳದಿಗಟ್ಟಿ ಬಣ್ಣ ಮಂಕಾಗಿರುವುದರಿಂದ ಡಬ್ಬಿಯ ಹೊಸ ಕಿತ್ತಳೆ ನೇರವಾಗಿ ಹೊಂದುವುದು ಅಪರೂಪ. ಒಂದಿಷ್ಟು ಕಂದು ಬೆರೆಸಿ, ಗಾಜಿನ ತುಂಡಿನ ಮೇಲೆ ಹಚ್ಚಿ, ಒಣಗಿದ ಮೇಲೆ ಹಗಲ ಬೆಳಕಿನಲ್ಲಿ ಹೋಲಿಸಿ ನೋಡಬೇಕು.

ಉಳಿದ ಮೂಲ ಬಣ್ಣಕ್ಕೆ ಮೊದಲು ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳದ ತೆಳು ಪದರ ಕೊಡುವುದನ್ನು ಸಂರಕ್ಷಣಾ ತಜ್ಞರಿಂದ ಕಲಿಯಬೇಕು. ಮುಂದೆಂದಾದರೂ ಹೊಸ ಬಣ್ಣ ತೆಗೆಯಬೇಕಾದಾಗ ಈ ಪದರ ನಡುವೆ ಗೆರೆ ಎಳೆದಂತೆ ನಿಲ್ಲುತ್ತದೆ.

ಉಬ್ಬಕ್ಷರದ ತಗ್ಗಿಗೆ ಸಿಂಥೆಟಿಕ್ ಎನಾಮೆಲ್ ಸಾಕು. ಕ್ಯಾಪನ್ನು ಮಟ್ಟಸವಾಗಿಟ್ಟು, ತೆಳುವಾಗಿಸಿದ ಬಣ್ಣದ ಹನಿಯನ್ನು ಸಣ್ಣ ಕುಂಚದ ತುದಿಯಿಂದ ತಗ್ಗಿನ ನಡುವೆ ಬಿಡಬೇಕು. ಬಣ್ಣ ತಾನೇ ಅಕ್ಷರದ ಗೋಡೆಯವರೆಗೆ ಹರಿದು ನಿಲ್ಲುತ್ತದೆ. ಎಳೆಯಲು ಹೋದರೆ ನೆತ್ತಿಗೆ ಹತ್ತುತ್ತದೆ. ದಪ್ಪನೆಯ ಒಂದು ಪದರಕ್ಕಿಂತ ತೆಳ್ಳನೆಯ ಎರಡು ಮೇಲು. ನೆತ್ತಿಗೆ ತಾಗಿದ್ದನ್ನು, ಬಣ್ಣ ಮೇಲ್ಮೈಯಲ್ಲಿ ಕೆನೆಗಟ್ಟಿದಾಗ, ಚಪ್ಪಟೆ ಮರದ ತುಂಡಿಗೆ ಬಿಗಿಯಾಗಿ ಸುತ್ತಿದ ಬಟ್ಟೆಗೆ ತುಸುವೇ ಟರ್ಪೆಂಟೈನ್ ಸೋಕಿಸಿ ಒರೆಸಬೇಕು. ಬೆರಳಿಗೆ ಬಟ್ಟೆ ಸುತ್ತಿ ಒರೆಸಿದರೆ ಬೆರಳು ತಗ್ಗಿನೊಳಗೆ ಇಳಿದು ಬಣ್ಣ ಎತ್ತಿಬಿಡುತ್ತದೆ. ನಿಕ್ಕಲ್ ಇಲ್ಲದ ಬೀಡಿನಲ್ಲಿ, ಬಣ್ಣ ಪೂರ್ತಿ ಗಟ್ಟಿಯಾದ ಮೇಲೆ ನಯವಾದ ವಾಟರ್ ಪೇಪರನ್ನು ಚಪ್ಪಟೆ ತುಂಡಿಗೆ ಸುತ್ತಿ ನೆತ್ತಿಯನ್ನು ತೆರೆಯಬಹುದು. ನಿಕ್ಕಲ್ ಇರುವಲ್ಲಿ ಇದು ನಿಷಿದ್ಧ: ಲೇಪ ಬಹಳ ತೆಳು, ಕೆಲವೇ ಉಜ್ಜಿಗೆ ಕಬ್ಬಿಣ ಇಣುಕುತ್ತದೆ.

ನೆತ್ತಿಗೇ ಬಣ್ಣ ಬೇಕಾದ ಕಡೆ ಕುಂಚಕ್ಕಿಂತ ಗಟ್ಟಿ ರಬ್ಬರಿನ ರೋಲರ್ ಒಳ್ಳೆಯದು. ಗಾಜಿನ ಮೇಲೆ ಬಣ್ಣವನ್ನು ತೆಳ್ಳಗೆ ಹರಡಿ, ರೋಲರಿಗೆ ಹತ್ತಿಸಿ, ಅಕ್ಷರಗಳ ಮೇಲೆ ಒಮ್ಮೆ ಹಗುರವಾಗಿ ಉರುಳಿಸಿದರೆ ಅಂಚು ಚೊಕ್ಕಟವಾಗಿ ಬರುತ್ತದೆ. ತಗ್ಗಕ್ಷರಕ್ಕೆ ಬಣ್ಣ ಒತ್ತಿ ತುಂಬಿ, ಗಟ್ಟಿ ಕಾರ್ಡಿನ ಅಂಚಿನಿಂದ ಗೀರಿಗೆ ಅಡ್ಡಲಾಗಿ ಬಳಿದು ತೆಗೆಯಬೇಕು. ಗೀರಿನ ಉದ್ದಕ್ಕೆ ಬಳಿದರೆ ತುಂಬಿದ್ದೆಲ್ಲ ಹೊರಬರುತ್ತದೆ.

ಸೀಸದ ಅಪಾಯ

ಹಳೆಯ ಕೆಂಪು, ಕಿತ್ತಳೆ, ಹಳದಿಗಳಲ್ಲಿ ಸೀಸವಿದೆ ಎಂದೇ ಭಾವಿಸಿ ನಡೆಯುವುದು ಜಾಣತನ. ಅಮೆರಿಕದಲ್ಲಿ ಗೃಹಬಳಕೆಯ ಸೀಸದ ಬಣ್ಣಗಳಿಗೆ ನಿಷೇಧ ಬಂದದ್ದು 1978ರಲ್ಲಿ. ಭಾರತದಲ್ಲಿ ಮನೆ ಹಾಗೂ ಅಲಂಕಾರದ ಬಣ್ಣಗಳಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮ 2016ರಲ್ಲಿ ಪ್ರಕಟವಾಗಿ 2017ರ ನವೆಂಬರ್‌ನಿಂದ ಜಾರಿಗೆ ಬಂತು. ಒಣಗಿದ ಬಣ್ಣವನ್ನು ಉಜ್ಜಿ ಧೂಳೆಬ್ಬಿಸಬಾರದು, ಬೆಂಕಿ ತೋರಿಸಿ ಸುಲಿಯಲೂ ಬಾರದು. ಕೆಲಸವನ್ನು ಒದ್ದೆಯಾಗಿಯೇ ಮಾಡಬೇಕು, ಬಟ್ಟೆ ಹತ್ತಿಗಳನ್ನು ಬೇರೆಯಾಗಿ ಕಟ್ಟಿಡಬೇಕು, ಮಕ್ಕಳನ್ನು ಹತ್ತಿರ ಬಿಡಬಾರದು.

ಭಾರತದಲ್ಲಿ

ಸ್ಟ್ಯಾನ್ಲಿ, ರೆಕಾರ್ಡ್ ಕೀಸುಳಿಗಳು ಕರ್ನಾಟಕದ ಹಳೆಯ ಬಡಗಿಗಳ ಪೆಟ್ಟಿಗೆಗಳಲ್ಲೂ ಗುಜರಿ ಅಂಗಡಿಗಳಲ್ಲೂ ಇಂದಿಗೂ ಸಿಗುತ್ತವೆ. ಅನಂತ್‌ನಂಥ ಭಾರತೀಯ ಬ್ರ್ಯಾಂಡ್‌ಗಳು ಬೇಯ್ಲಿ ಮಾದರಿಯನ್ನೇ ಅನುಸರಿಸಿದವು. ಇಲ್ಲಿನ ಹತಾರಗಳಲ್ಲಿ ಕಂಪನಿಯ ಹೆಸರಿನ ಪಕ್ಕದಲ್ಲೇ ಒಡೆಯರ ಇನಿಶಿಯಲ್ ಗುದ್ದಿರುವುದುಂಟು. ಅದನ್ನು ಗಾಯವೆಂದು ಬಗೆದು ಉಜ್ಜಿ ಅಳಿಸಬಾರದು. ಅದೂ ಆ ಹತಾರದ ಬರಹವೇ.

ಮಿತಿ ಮತ್ತು ದಾಖಲೆ

ಊಹೆ ಶುರುವಾಗುವಲ್ಲಿ ಜೀರ್ಣೋದ್ಧಾರ ನಿಲ್ಲಬೇಕು ಎಂಬ ತತ್ತ್ವವನ್ನು 1964ರ ವೆನಿಸ್ ಸನ್ನದು ಸ್ಮಾರಕಗಳಿಗಾಗಿ ಹೇಳಿತು. ಅಂಗೈಯಗಲದ ಲಿವರ್ ಕ್ಯಾಪ್‌ಗೂ ಅದು ಅಷ್ಟೇ ಅನ್ವಯ. ಮೂಲ ಬಣ್ಣ ಅರ್ಧಕ್ಕಿಂತ ಹೆಚ್ಚು ಉಳಿದಿದ್ದರೆ ಶುಚಿ ಮಾಡಿ ಮೈಕ್ರೊಕ್ರಿಸ್ಟಲಿನ್ ಮೇಣ ಹಚ್ಚುವುದೇ ಉತ್ತಮ. ಚುಕ್ಕೆಚುಕ್ಕೆಯಾಗಿ ಹೋಗಿದ್ದರೆ ಆ ಚುಕ್ಕೆಗಳಿಗಷ್ಟೇ ಬಣ್ಣ ಕೊಡಬೇಕು. ಕುರುಹೂ ಇಲ್ಲದಂತೆ ಹೋಗಿದ್ದು ಹತಾರ ಸಾಮಾನ್ಯವಾದದ್ದಾಗಿದ್ದರೆ ಪೂರ್ತಿ ತುಂಬುವುದಕ್ಕೆ ಆಕ್ಷೇಪವಿಲ್ಲ. ದಿನವೂ ಕೆಲಸ ಮಾಡುವ ಕೀಸುಳಿ ಚೆಲುವಾಗಿರಲಿ ಎಂಬ ಆಸೆ ನ್ಯಾಯವಾದದ್ದೇ. ಅಪರೂಪದ ಮಾದರಿಯಾಗಿದ್ದರೆ ಬರಿದಾದ ತಗ್ಗನ್ನು ಹಾಗೇ ಬಿಡಬೇಕು. ಯಾವ ಸಂದರ್ಭದಲ್ಲೂ ಕೆಲಸಕ್ಕೆ ಮುಂಚಿನ ಚಿತ್ರ, ಬಳಸಿದ ಬಣ್ಣದ ಹೆಸರು ಮತ್ತು ದಿನಾಂಕವನ್ನು ಬರೆದಿಟ್ಟು, ಮಾರುವಾಗ ಹತಾರದ ಜೊತೆಗೇ ಕೊಡಬೇಕು. ಈ ಟಿಪ್ಪಣಿ ಜೊತೆಗಿಲ್ಲದಿದ್ದರೆ ಮುಂದಿನ ಸಂಶೋಧಕರು ಹೊಸ ಬಣ್ಣವನ್ನೇ ಕಾರ್ಖಾನೆಯದೆಂದು ಎಣಿಸುತ್ತಾರೆ, ಕಾಲನಿರ್ಣಯ ದಾರಿ ತಪ್ಪುತ್ತದೆ.