ಯುದ್ಧದ ಜೀಪು, ಹೊಲದ ಗೇರು

ಫೋರ್ ವೀಲ್ ಡ್ರೈವ್ ಗಾಡಿಯ ಲೋ ರೇಂಜ್ ಎಂದರೆ ಕೆಸರಿನಲ್ಲಿ ಹೂತುಹೋದ ಮೇಲೆ ನೆನಪಾಗುವ ಕೊನೆಯ ಉಪಾಯ ಎಂಬ ನಂಬಿಕೆ ಬಲವಾಗಿದೆ. ಜೀಪಿನ ಚರಿತ್ರೆ ಅದನ್ನು ಒಪ್ಪುವುದಿಲ್ಲ. ನಿಧಾನವಾಗಿಯೇ ಆಗಬೇಕಾದ ಕೆಲಸಕ್ಕೆಂದು ರೂಪುಗೊಂಡ ಗೇರು ಅದು. 1940ರ ಜುಲೈನಲ್ಲಿ ಅಮೆರಿಕದ ಸೇನೆ ಹಗುರವಾದ ನಾಲ್ಕು ಚಕ್ರ ಚಾಲನೆಯ ಗಾಡಿಗಾಗಿ ಕಂಪನಿಗಳನ್ನು ಕೇಳಿದಾಗ, ಅದು ಗಂಟೆಗೆ 50 ಮೈಲಿ ಓಡಬೇಕು, ಹಾಗೆಯೇ 3 ಮೈಲಿಯಲ್ಲೂ ತಡವರಿಸದೆ ಸಾಗಬೇಕು ಎಂದಿತು. ಮೂರು ಮೈಲಿ ಎಂದರೆ ನಡೆದು ಹೋಗುವ ಸೈನಿಕನ ವೇಗ. ಈ ಎರಡು ತುದಿಗಳನ್ನು ಒಂದೇ ಸಣ್ಣ ಎಂಜಿನ್ನಿನಿಂದ ಮುಟ್ಟಲು ಗೇರ್ ಬಾಕ್ಸಿನ ಹಿಂದೆ, ಶಕ್ತಿಯನ್ನು ಎರಡೂ ಆಕ್ಸಲ್‌ಗಳಿಗೆ ಹಂಚುವ, ಹೈ ಮತ್ತು ಲೋ ಎಂಬ ಎರಡು ವೇಗದ ಟ್ರಾನ್ಸ್‌ಫರ್ ಕೇಸ್ ಬಂತು. ಯುದ್ಧಕಾಲದ ವಿಲ್ಲೀಸ್ ಎಂಬಿ ಜೀಪಿನಲ್ಲಿ ಅದರ ಲೋ ಅನುಪಾತ 1.97.

ಯುದ್ಧ ಮುಗಿದ 1945ರಲ್ಲಿ ವಿಲ್ಲೀಸ್ ಕಂಪನಿ ರೈತರನ್ನು ಗುರಿಯಾಗಿಟ್ಟು ಸಿಜೆ-2ಎ ತಂದಿತು. ನೇಗಿಲು ಎಳೆಯಬೇಕಿದ್ದ, ಯಂತ್ರ ತಿರುಗಿಸಬೇಕಿದ್ದ ಈ ಜೀಪಿನ ಎಂಜಿನ್ ಬಹುಮಟ್ಟಿಗೆ ಹಳೆಯದೇ, ಬದಲಾದದ್ದು ಗೇರು. ಲೋ ಅನುಪಾತ 2.43ಕ್ಕೆ, ಆಕ್ಸಲ್ ಅನುಪಾತ 4.88ರಿಂದ 5.38ಕ್ಕೆ ಏರಿತು. ಲೋ ರೇಂಜಿನ ಮೊದಲ ಗೇರಿನಲ್ಲಿ ಎಂಜಿನ್ನಿಗೂ ಚಕ್ರಕ್ಕೂ ನಡುವಿನ ಒಟ್ಟು ಇಳಿಕೆ ಸುಮಾರು 25ರಷ್ಟಿದ್ದದ್ದು 36 ದಾಟಿತು. ರಣರಂಗಕ್ಕಿಂತ ಹೊಲವೇ ಹೆಚ್ಚು ನಿಧಾನವನ್ನು ಬೇಡಿತೆಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷ್ಯ ಬೇಕಿಲ್ಲ. ಈ ವಂಶದ ಜೀಪುಗಳನ್ನೇ ಮುಂಬಯಿಯ ಮಹೀಂದ್ರ ಕಂಪನಿ ಭಾರತದಲ್ಲಿ ಜೋಡಿಸಿತು, ಬಳಿಕ ತಯಾರಿಸಿತು. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳ ಕಡಿದಾದ ದಾರಿಗಳಿಗೆ ಅವು ಒಗ್ಗಿಹೋದದ್ದೂ ಈ ಗುಣದಿಂದಲೇ.

ಹಾಗಾಗಿ ಹೈ ಹಾಕಬೇಕೋ ಲೋ ಹಾಕಬೇಕೋ ಎಂಬುದನ್ನು ನಿರ್ಧರಿಸುವುದು ನೆಲದ ಜಾರಿಕೆಯೊಂದೇ ಅಲ್ಲ, ಅಲ್ಲಿ ಸಾಗಬೇಕಾದ ವೇಗ. ಲೋ ರೇಂಜ್ ಟೈರಿಗೆ ಹೊಸ ಹಿಡಿತವನ್ನೇನೂ ಕೊಡುವುದಿಲ್ಲ. ವೇಗ ತಗ್ಗಿಸಿ ಎಳೆತವನ್ನು ಹೆಚ್ಚಿಸುತ್ತದೆ, ಅಷ್ಟೆ. ಮಳೆಗೆ ಜಾರುವ ಮಣ್ಣುರಸ್ತೆಯಲ್ಲಿ ಸಾಧಾರಣ ವೇಗದಿಂದ ಹೋಗುವಾಗ ಫೋರ್ ಹೈ ಸಾಕು. ಬಂಡೆ ಹತ್ತುವಾಗ, ಭಾರ ಎಳೆಯುವಾಗ, ಕಡಿದಾದ ಇಳಿಜಾರಿನಲ್ಲಿ ಎಂಜಿನ್ನೇ ಗಾಡಿಯನ್ನು ತಡೆಯಬೇಕಾದಾಗ ಫೋರ್ ಲೋ ಬೇಕು. ಹಳೆಯ ಜೀಪಿನಲ್ಲಿ ಮುಂದಿನ ಆಕ್ಸಲ್ ಜೋಡಿಸದೆ ಲೋ ಬೀಳದಂತೆ ತಡೆಯಿತ್ತು: ಹಿಗ್ಗಿದ ಎಳೆತದ ಭಾರವೆಲ್ಲ ಹಿಂದಿನ ಆಕ್ಸಲ್ಲಿನ ಮೇಲೇ ಬೀಳಬಾರದಲ್ಲ. ಒಣ ಡಾಂಬರಿನಲ್ಲಿ ಮಾತ್ರ ಇಂಥ ಗಾಡಿಗೆ ಎರಡೂ ಸಲ್ಲವು. ತಿರುವಿನಲ್ಲಿ ಮುಂದಿನ, ಹಿಂದಿನ ಚಕ್ರಗಳು ಬೇರೆ ಬೇರೆ ದೂರ ಉರುಳಬೇಕಾಗಿ ಗೇರುಗಳು ಬಿಗಿದುಕೊಳ್ಳುತ್ತವೆ.

ಆಳವಾದ ಮರಳಿನಲ್ಲಿ ನಿಧಾನವೇ ಗಾಡಿಯನ್ನು ಹೂಳುತ್ತದಲ್ಲ ಎಂದು ಕೇಳಬಹುದು. ನಿಜ, ಅಲ್ಲಿ ಓಟದ ರಭಸ ಬೇಕು, ಅನೇಕ ವೇಳೆ ಹೈ ರೇಂಜೇ ಸರಿ. ಇದು ವಾದವನ್ನು ಮುರಿಯುವುದಿಲ್ಲ, ಬಲಪಡಿಸುತ್ತದೆ: ಆಯ್ಕೆ ಬೇಕಾದ ವೇಗದ್ದೇ. ಇಳಿಜಾರಿನಲ್ಲಿ ಬ್ರೇಕನ್ನು ತಾನೇ ಹಿಡಿದು ಬಿಡುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇರುವಾಗ ಲೋ ಏಕೆ ಎಂಬುದು ಇನ್ನೊಂದು ಆಕ್ಷೇಪ. ಸಣ್ಣ ಇಳಿಜಾರಿಗೆ ಆ ವ್ಯವಸ್ಥೆ ಸಾಕಾದೀತು. ಆದರೆ ಉದ್ದನೆಯ ಇಳುಕಲಿನಲ್ಲಿ ಬ್ರೇಕು ಕಾಯುತ್ತದೆ, ಕಾದಂತೆ ಹಿಡಿತ ಕುಂದುತ್ತದೆ. ಗೇರಿನ ತಡೆಗೆ ಆ ಭಯವಿಲ್ಲ. ಸಾಮಾನ್ಯವಾಗಿ ಲೋ ಹಾಕಲು ಗಾಡಿ ನಿಲ್ಲಬೇಕು, ಇಲ್ಲವೇ ತೀರ ನಿಧಾನವಾಗಬೇಕು. ಆದ್ದರಿಂದ ಆ ತೀರ್ಮಾನ ಇಳಿಜಾರಿನ ನಡುವೆ ಸಿಕ್ಕಿಕೊಂಡ ಮೇಲೆ ಮಾಡುವಂಥದ್ದಲ್ಲ, ಅದು ಶುರುವಾಗುವ ಮೊದಲೇ ಮಾಡಬೇಕಾದದ್ದು.