ನೌಕರಿ ಬಿಟ್ಟ ಡ್ರಾಫ್ಟ್ಸ್‌ಮನ್

"ಸಾರ್, ಇದೊಂದು ಅಪ್ರೈಸಲ್ ಮುಗೀಲಿ, ಆಮೇಲೆ ಪೂರ್ತಿ ಪೇಂಟಿಂಗೇ" ಎನ್ನುವವರು ಹೈಟೆಕ್ ಸಿಟಿಯ ಪ್ರತಿ ಆಫೀಸಿನಲ್ಲೂ ಒಬ್ಬರಾದರೂ ಇರುತ್ತಾರೆ. ನನ್ನ ಟೀಮಿನಲ್ಲೂ ಇದ್ದಾರೆ. ಚಹಾದ ಹೊತ್ತಿಗೆ ಆ ಮಾತು ಬಂದಾಗಲೆಲ್ಲ ನಾನು ಲಾಲಾ ದೀನ್ ದಯಾಳರ ಕಥೆ ತೆಗೆಯುತ್ತೇನೆ. ಈ ಊರಿಗೆ ಬಂದು, ಕಲೆಯನ್ನೇ ನಂಬಿ ಅಂಗಡಿ ತೆರೆದ ಎಂಜಿನಿಯರು ಅವರು.

1844ರಲ್ಲಿ ಮೀರತ್ ಹತ್ತಿರದ ಸರಧನಾದ ಜೈನ ಕುಟುಂಬದಲ್ಲಿ ಹುಟ್ಟಿದರು. ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಓದಿ, 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆ ಸೇರಿದರು. ಕೆಲಸ ಹೆಡ್ ಎಸ್ಟಿಮೇಟರ್ ಮತ್ತು ಡ್ರಾಫ್ಟ್ಸ್‌ಮನ್‌ನದು. ಖರ್ಚಿನ ಅಂದಾಜು ಹಾಕುವುದೇ ಹೊಟ್ಟೆಪಾಡಾಗಿದ್ದವರು ಎಂಬುದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ. ಕ್ಯಾಮೆರಾ ಹಿಡಿದದ್ದು 1874ರ ಸುಮಾರಿಗೆ. ಸರ್ ಹೆನ್ರಿ ಡಾಲಿಯಂಥ ಅಧಿಕಾರಿಗಳು, ಇಂದೋರಿನ ಎರಡನೇ ತುಕೋಜಿರಾವ್ ಹೋಳ್ಕರ್ ಬೆನ್ನು ತಟ್ಟಿದರು. ಲೆಪೆಲ್ ಗ್ರಿಫಿನ್ ಜೊತೆ ಬುಂದೇಲಖಂಡ ಸುತ್ತಿ ಸ್ಮಾರಕಗಳ ಚಿತ್ರ ತೆಗೆದರು. ಇಷ್ಟಾದರೂ ರಾಜೀನಾಮೆ ಕೊಡಲಿಲ್ಲ. 1885ರಲ್ಲಿ ಎರಡು ವರ್ಷದ ರಜೆ ಹಾಕಿದರು. ರಜೆ ಮುಗಿದ ಮೇಲೆ 1887ರಲ್ಲಿ ಪಿಂಚಣಿ ಪಡೆದು ಹೊರಬಂದರು. ಅಂದರೆ ಸುಮಾರು 13 ವರ್ಷ ಸಂಬಳವೂ ಕ್ಯಾಮೆರಾವೂ ಜೊತೆಜೊತೆಗೇ ನಡೆದವು. ನಮ್ಮ ಟೀಮಿನವರಿಗೆ ಈ ಭಾಗ ಅಷ್ಟು ರುಚಿಸುವುದಿಲ್ಲ.

ಅಷ್ಟರಲ್ಲಿ ಆರನೇ ನಿಜಾಮ ಮೀರ್ ಮಹಬೂಬ್ ಅಲಿ ಖಾನರ ಆಸ್ಥಾನದ ಬಾಗಿಲು ತೆರೆದಿತ್ತು. ಆಸ್ಥಾನ ಛಾಯಾಗ್ರಾಹಕ ಎಂಬ ಹೆಸರು, 1894ರಲ್ಲಿ ರಾಜಾ ಬಹಾದೂರ್ ಮುಸವ್ವಿರ್ ಜಂಗ್ ಎಂಬ ಬಿರುದು. ನಮ್ಮಲ್ಲಿ ಅವರ ಕಥೆ ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತದೆ: ನಿಜಾಮ ಮೆಚ್ಚಿದ, ಕಲಾವಿದ ಉದ್ಧಾರವಾದ. ನನಗೆ ಹಾಗೆ ಕಾಣುವುದಿಲ್ಲ. ಅವರು ಸ್ಟುಡಿಯೋ ಇಟ್ಟದ್ದು ಸಿಕಂದರಾಬಾದಿನಲ್ಲಿ, ದಂಡು ಪ್ರದೇಶದ ಮಗ್ಗುಲಲ್ಲಿ. ಅಲ್ಲಿ ಬ್ರಿಟಿಷ್ ಅಧಿಕಾರಿಗಳಿದ್ದರು, ಅವರ ಕುಟುಂಬಗಳಿದ್ದವು, ಊರಿಗೆ ಚಿತ್ರ ಕಳಿಸಬೇಕೆನ್ನುವವರಿದ್ದರು. ಅರಮನೆ ಕೊಟ್ಟದ್ದು ಹೆಸರು; ಆ ಹೆಸರನ್ನು ಫಲಕದ ಮೇಲೆ ಬರೆಸಿಕೊಂಡು ಅವರು ವ್ಯಾಪಾರ ಮಾಡಿದ್ದು ಊರಿನವರೊಂದಿಗೆ. 1890ರ ದಶಕದಲ್ಲಿ ಮುಂಬಯಿಯಲ್ಲೂ ಸ್ಟುಡಿಯೋ ತೆರೆದರು.

ಆಗ ಬೀದರ, ಕಲಬುರಗಿ, ರಾಯಚೂರು ಕೂಡ ನಿಜಾಮನ ಸೀಮೆಯೇ. ಬೀದರಿನ ಬಿದರಿ ಕುಶಲಕರ್ಮಿಯನ್ನು ಈ ಸ್ಟುಡಿಯೋದ ಪಕ್ಕದಲ್ಲಿಟ್ಟು ನೋಡಿದರೆ ಲೆಕ್ಕ ಸ್ಪಷ್ಟವಾಗುತ್ತದೆ. ಕಪ್ಪು ಲೋಹದಲ್ಲಿ ಬೆಳ್ಳಿಯ ಎಳೆ ಕೂರಿಸಿ ದಿನಗಟ್ಟಲೆ ಮಾಡಿದ ಹೂಜಿ ಒಮ್ಮೆ ಮಾರಾಟವಾದರೆ ಮುಗಿಯಿತು. ನಾಳೆ ಮತ್ತೆ ಎರಕದಿಂದಲೇ ಶುರು. ಕೊಂಡವನಿಗೆ ಮಾಡಿದವನ ಹೆಸರು ಸಾಮಾನ್ಯವಾಗಿ ಗೊತ್ತಿರುವುದೂ ಇಲ್ಲ. ದೀನ್ ದಯಾಳರು ಮಾರುತ್ತಿದ್ದದ್ದು ಕಾಗದದ ಪ್ರಿಂಟ್. ಗಾಜಿನ ನೆಗೆಟಿವ್ ಸ್ಟುಡಿಯೋದಲ್ಲೇ ಉಳಿಯುತ್ತಿತ್ತು. ಪ್ಲೇಟಿನ ಮೇಲೆ ನಂಬರು, ಶೀರ್ಷಿಕೆ, ತಮ್ಮ ಹೆಸರು. ಗೋಲ್ಕೊಂಡದ ಅದೇ ನೋಟ ಒಬ್ಬ ಕ್ಯಾಪ್ಟನ್ನನಿಗೂ ಹೋಗಬಹುದು, ವರ್ಷಗಳಾದ ಮೇಲೆ ಇನ್ನೊಬ್ಬ ಪ್ರವಾಸಿಯ ಆಲ್ಬಮ್ಮಿಗೂ. ಎಸ್ಟಿಮೇಟರ್ ಬುದ್ಧಿ ಕೆಲಸಕ್ಕೆ ಬಂದದ್ದು ಇಲ್ಲಿ ಎಂದು ನನ್ನ ಊಹೆ.

ಇನ್ನೊಂದು ಹೆಜ್ಜೆ ನನಗೆ ಬಹಳ ಇಷ್ಟ. ಪರದೆಯ ಹೆಂಗಸರು ಗಂಡಸಿನ ಕ್ಯಾಮೆರಾ ಮುಂದೆ ಕೂರುವಂತಿರಲಿಲ್ಲ. 1892ರಲ್ಲಿ ಹೈದರಾಬಾದಿನಲ್ಲಿ ಎತ್ತರದ ಗೋಡೆಗಳ ಜನಾನಾ ಸ್ಟುಡಿಯೋ ತೆರೆದು, ಅದನ್ನು ಶ್ರೀಮತಿ ಕೆನ್ನಿ-ಲೆವಿಕ್ ಎಂಬ ಇಂಗ್ಲಿಷ್ ಮಹಿಳೆಗೆ ಒಪ್ಪಿಸಿದರು. ಊರಿನ ಅರ್ಧ ಜನ ಅಲ್ಲಿಯವರೆಗೆ ಗಿರಾಕಿಗಳ ಲೆಕ್ಕದಲ್ಲೇ ಇರಲಿಲ್ಲ!

ಅರಮನೆಯನ್ನೇ ನೆಚ್ಚಿದರೆ ಏನಾಗುತ್ತದೆ ಎಂಬುದಕ್ಕೂ ಇದೇ ಊರಿನಲ್ಲಿ ಸಾಕ್ಷಿ ಇದೆ. ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ನಾವು ನೋಡುವ ಚಿತ್ರಗಳ ರಾಜಾ ರವಿವರ್ಮರು 1902ರಲ್ಲಿ ತಮ್ಮ ರಾಜರಾಜವರ್ಮರೊಂದಿಗೆ ಹೈದರಾಬಾದಿಗೆ ಬಂದಿದ್ದರು. ಆತಿಥ್ಯ ದೀನ್ ದಯಾಳರದು. ನಿಜಾಮರ ಕರೆಗಾಗಿ ಕಾದರು, ಕಾದರು. ಬಯಸಿದ್ದು ಸಿಗದೆ ಹೊರಟರು. ರವಿವರ್ಮರೂ ವ್ಯಾಪಾರ ಬಲ್ಲದವರೇನಲ್ಲ. 1894ರಲ್ಲಿ ಮುಂಬಯಿಯಲ್ಲಿ ಅಚ್ಚುಕೂಟ ಹಾಕಿ ಲಕ್ಷ್ಮಿ, ಸರಸ್ವತಿಯರನ್ನು ಮನೆಮನೆಯ ಗೋಡೆಗೆ ತಲುಪಿಸಿದವರು. ಆದರೆ ಯಂತ್ರ, ಸಾಲ, ಆಡಳಿತದ ಹೊರೆ ತಡೆಯಲಾಗದೆ ಕೊನೆಗೆ ಅದನ್ನು ಜರ್ಮನ್ ತಂತ್ರಜ್ಞ ಫ್ರಿಟ್ಜ್ ಶ್ಲೈಖರ್‌ಗೆ ಮಾರಿದರು. ಆ ದಿನಗಳಲ್ಲಿ ಸಿಕಂದರಾಬಾದಿನಲ್ಲಿ ಇಬ್ಬರೂ ಊಟಕ್ಕೆ ಕೂತಾಗ ಏನು ಮಾತಾಡಿರಬಹುದು? ಬಣ್ಣ, ಬೆಳಕಿಗಿಂತ ಬಾಕಿ ಬಿಲ್ಲುಗಳ ವಿಷಯವೇ ಹೆಚ್ಚಿದ್ದಿರಬೇಕು.

ದೀನ್ ದಯಾಳರ ಏರ್ಪಾಡೂ ಅವರಷ್ಟೇ ಕಾಲ ಗಟ್ಟಿಯಾಗಿತ್ತು. 1900ರಲ್ಲಿ ಕೊಡಕ್ ಕಂಪನಿ ಒಂದು ಡಾಲರಿನ ಬ್ರೌನಿ ಕ್ಯಾಮೆರಾ ತಂದಿತು. ಚಿತ್ರ ತೆಗೆಸಿಕೊಳ್ಳುತ್ತಿದ್ದವರೇ ತೆಗೆಯತೊಡಗಿದರು. 1904ರಲ್ಲಿ ಮಗ ಧರಮ್‌ಚಂದ್ ತೀರಿಕೊಂಡ. ಮರುವರ್ಷ ದೀನ್ ದಯಾಳರೇ ಹೋದರು. 1911ರಲ್ಲಿ ನಿಜಾಮ ಮಹಬೂಬ್ ಅಲಿಯೂ ಇಲ್ಲವಾದರು. ಇನ್ನೊಬ್ಬ ಮಗ ಜ್ಞಾನ್‌ಚಂದ್ ಸ್ಟುಡಿಯೋ ನಡೆಸಿದರು, ಆದರೆ ಹಳೆಯ ವೈಭವ ಮರಳಲಿಲ್ಲ.

ಮಾರದೆ ಉಳಿಸಿಕೊಂಡ ಆ ಗಾಜುಗಳು ಮಾತ್ರ ಕುಟುಂಬದಲ್ಲೇ ಇದ್ದವು. 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಅವುಗಳಲ್ಲಿ 2,857 ನೆಗೆಟಿವ್‌ಗಳನ್ನು ಕೊಂಡುಕೊಂಡಿತು.